ಹದಿನಾಲ್ಕನೇ ನಂಬರಿನ ಸೆಲ್ಲು

ನನ್ನ ಪಿಂಚಣಿ ಕಾಗದದ ಸಲುವಾಗಿ ಹಾವೇರಿಯ ಕಚೇರಿಯೊಂದರಲ್ಲಿ ಕುಳಿತಿದ್ದಾಗ ಪಕ್ಕದ ಬೆಂಚಿನಲ್ಲಿ ಅಗಡಿಯ ಒಬ್ಬ ಹೆಣ್ಣುಮಗಳಿದ್ದಳು. ಸರಕಾರಿ ಹೈಸ್ಕೂಲಿನ ಸಿಪಾಯಿ ಕೆಲಸದ ಆದೇಶ ಅವಳ ಕೈಗೆ ಬಂದು ಎರಡು ದಿನವಾಗಿತ್ತಂತೆ. ನಾನು ಅದೇ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಸವೆದವನು ಎಂದು ಗೊತ್ತಾದ ಮೇಲೆ ಕೇಳಿದಳು: "ಗಂಟಿ ಬಾರಿಸೂದು, ಚಹಾ ತರೂದು ಬಿಟ್ರ ಮತ್ತೇನು ಇರತೈತ್ರಿ ಕಾಕಾ?"

"ಏನೂ ಇಲ್ಲ ಬಿಡವಾ," ಅಂದುಬಿಟ್ಟೆ.

ರಾಣೆಬೆನ್ನೂರಿನ ಬಸ್ಸು ಹತ್ತಿದ ಮೇಲೆ ಆ ಉತ್ತರ ನನಗೇ ಚುಚ್ಚತೊಡಗಿತು. ಏನೂ ಇಲ್ಲದ ಕೆಲಸದಲ್ಲಿ ನಾನು ಇಷ್ಟು ಸಲ ಹೇಗೆ ಎಡವಿದೆ? ಅವಳ ಹೆಸರನ್ನೂ ಕೇಳಿರಲಿಲ್ಲ. ಹಾಗಾಗಿ ಅವಳಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ದೇವರಗುಡ್ಡದ ಕಡೆಯವನು, ಹೆಸರು ಗುಡ್ಡಪ್ಪ. ನಮ್ಮ ಓಣಿಯಲ್ಲಿ ಈ ಹೆಸರು ಕೂಗಿದರೆ ನಾಲ್ಕು ಮಂದಿ ತಿರುಗಿ ನೋಡುತ್ತಾರೆ. ಕಾಗದದ ಮೇಲೆ ನಾನು ಡಿ ದರ್ಜೆ ನೌಕರ, ಬಾಯಿಮಾತಿನಲ್ಲಿ ಸಿಪಾಯಿ, ಮಕ್ಕಳ ಲೆಕ್ಕದಲ್ಲಿ ಗಂಟೆ ಕಾಕಾ.

ಮೊದಲ ನೌಕರಿ ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ. ಅಲ್ಲಿ ಗಂಟೆ ಎಂದರೆ ಬೇವಿನ ಮರಕ್ಕೆ ತೂಗುಹಾಕಿದ ರೈಲುಹಳಿಯ ತುಂಡು. ಗಡಿಯಾರ ಎಂದರೆ ಹೆಡ್‌ಮಾಸ್ತರರ ಮಣಿಕಟ್ಟಿನಲ್ಲಿದ್ದದ್ದು ಒಂದೇ. ಅವರು ಹೊರಗೆ ಹೋದರೆ ಶಾಲೆಯ ವೇಳೆಯೂ ಅವರ ಜೊತೆ ಹೋಗುತ್ತಿತ್ತು. ಅದಕ್ಕೆ ಅವರೇ ಒಂದು ಉಪಾಯ ಹೇಳಿಕೊಟ್ಟಿದ್ದರು: "ಮಧ್ಯಾಹ್ನದ ರೈಲು ಕೂಗಿದ ಕೂಡ್ಲೆ ಊಟದ ಗಂಟಿ ಹೊಡಿ."

ಏಳು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ರೈಲಿನ ವೇಳಾಪಟ್ಟಿ ಬದಲಾಯಿತು. ಅದು ಪೇಪರಿನಲ್ಲಿ ಬಂದಿತ್ತಂತೆ, ನನಗೆ ಯಾರು ಹೇಳಬೇಕು? ಹೆಡ್‌ಮಾಸ್ತರರು ತರಬೇತಿಗೆ ಹೋಗಿದ್ದ ಮೂರೂ ದಿನ ರೈಲು ಮುಕ್ಕಾಲು ತಾಸು ಮೊದಲೇ ಕೂಗಿತು, ನಾನು ಮುಕ್ಕಾಲು ತಾಸು ಮೊದಲೇ ಬಾರಿಸಿದೆ. ಒಂದು ಮಗುವೂ ತಕರಾರು ಮಾಡಲಿಲ್ಲ. ಮಾಸ್ತರರೂ ಮಾಡಲಿಲ್ಲ ಎಂಬುದನ್ನು ಈಗ ಹೇಳಿದರೆ ತಪ್ಪಿಲ್ಲ. ನಾಲ್ಕನೇ ದಿನವೂ ಹಾಗೇ ಬಾರಿಸಿದಾಗ, ತರಬೇತಿ ಮುಗಿಸಿ ಬಂದಿದ್ದ ಹೆಡ್‌ಮಾಸ್ತರರು ಹೊರಗೆ ಬಂದರು.

"ಗುಡ್ಡಪ್ಪ, ಯಾಕೋ ಇಷ್ಟು ಲಗೂ?"

"ರೈಲು ಕೂಗಿತ್ರಿ ಸರ್."

"ರೈಲು ಕೂಗಲಿ. ನಿನಗ ಹಸಿವಿ ಆಗೇತೇನು?"

"ಇಲ್ರಿ."

"ಅಷ್ಟು ಮಾಡಬೇಕಿತ್ತಲ್ಲ, ಹೊಟ್ಟಿ ಕೇಳಿ ಬಾರಿಸಬೇಕಿತ್ತು," ಅಂದು ಅವರು ಒಳಗೆ ಹೋದರು. ಅವರ ಬೈಗುಳ ಅಷ್ಟೇ ಇರುತ್ತಿತ್ತು. ಇಂಥ ಮೇಲಧಿಕಾರಿ ಮೊದಲ ನೌಕರಿಯಲ್ಲೇ ಸಿಕ್ಕರೆ ಮುಂದಿನವರೆಲ್ಲ ಒರಟರಾಗಿ ಕಾಣುತ್ತಾರೆ, ಎಚ್ಚರ.

ಅಲ್ಲಿಂದ ಹಾವೇರಿಗೆ ವರ್ಗವಾಯಿತು. ಅಲ್ಲಿ ಗೋಡೆ ಗಡಿಯಾರ ಇತ್ತು, ಅದರ ಬೆನ್ನಿನಲ್ಲಿ ಸೆಲ್ಲು ಇತ್ತು. ಸೆಲ್ಲಿಗೂ ನನಗೂ ಗಂಟು ಬಿದ್ದದ್ದು ಹೀಗೆ. ಅಲ್ಲಿಯ ಹೆಡ್‌ಮಾಸ್ತರರು ಮೈಸೂರು ಸೀಮೆಯವರು. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆದು, "ಗುಡ್ಡಪ್ಪ, ಎರಡು ಬ್ಯಾಟರಿ ತಗೊಂಡು ಬನ್ನಿ," ಅಂದರು. ನಮ್ಮಲ್ಲಿ ಬ್ಯಾಟರಿ ಎಂದರೆ ಕತ್ತಲಲ್ಲಿ ಹಿಡಿದುಕೊಂಡು ಹೋಗುವ ಟಾರ್ಚು. ಶಾಲೆಯಲ್ಲಿ ಒಂದೇ ಇತ್ತು. ಇನ್ನೊಂದನ್ನು ಎದುರಿನ ಹಿಟ್ಟಿನ ಗಿರಣಿಯವರನ್ನು ಕಾಡಿ ಬೇಡಿ ತಂದೆ. ಎರಡನ್ನೂ ಒರೆಸಿ ಮೇಜಿನ ಮೇಲೆ ನಿಲ್ಲಿಸಿದೆ. ಅವರು ಟಾರ್ಚು ನೋಡಿದರು, ಕಿಟಕಿಯ ಹೊರಗಿನ ಬಿಸಿಲು ನೋಡಿದರು, ನನ್ನನ್ನು ನೋಡಿದರು.

"ಇದ್ಯಾಕ್ರೀ?"

"ನೀವ ಹೇಳಿದ್ರಲ್ರಿ ಸರ್."

ಅವರಿಗೆ ಬೇಕಾಗಿದ್ದದ್ದು ಗಡಿಯಾರದ ಸೆಲ್ಲು. ಅವತ್ತಿನಿಂದ ಅವರು ನನ್ನ ಎದುರು ಬಹಳ ಜಾಗ್ರತೆಯಿಂದ ಮಾತಾಡುತ್ತಿದ್ದರು. ಟಾರ್ಚು ಬೇಕಾದರೆ "ಸೆಲ್ಲು ಹಾಕಿ ದೀಪ ಹತ್ತಿಸೋ ಬ್ಯಾಟರಿ" ಅನ್ನುತ್ತಿದ್ದರು.

ಹಾವೇರಿಯಲ್ಲಿ ನಾನೊಂದು ವಿದ್ಯೆ ಕಲಿತೆ. ಮೈಕಿನಲ್ಲಿ ಸೋತ ಸೆಲ್ಲನ್ನು ಎಸೆಯಬಾರದು, ಗಡಿಯಾರಕ್ಕೆ ಹಾಕಬೇಕು. ಗಡಿಯಾರದ ಹಸಿವು ಸಣ್ಣದು, ಉಳಿದ ಜೀವದಲ್ಲಿ ಇನ್ನೆರಡು ತಿಂಗಳು ನಡೆಯುತ್ತದೆ. ಇದು ಖರೇ. ಇದರ ಮೇಲೆ ನಾನೊಂದು ನಾಟಕ ಕಟ್ಟಿದ್ದೆ. ಯಾರಾದರೂ ಸೆಲ್ಲು ತಂದರೆ ಕಿವಿಯ ಹತ್ತಿರ ಹಿಡಿದು ಕುಲುಕಿ, ಕಣ್ಣು ಮುಚ್ಚಿ, "ಇನ್ನೂ ಜೀವ ಐತಿ," ಅನ್ನುತ್ತಿದ್ದೆ. ಕುಲುಕಿದರೆ ಏನೂ ಕೇಳಿಸುವುದಿಲ್ಲ. ಆದರೆ ನೋಡುವವರಿಗೆ ನಂಬಿಕೆ ಬರುತ್ತಿತ್ತು. ಸುಮಾರು ಇಪ್ಪತ್ತು ವರ್ಷ ಹೋದ ಶಾಲೆಗಳಲ್ಲೆಲ್ಲ ಸೆಲ್ಲಿನ ವಿಷಯಕ್ಕೆ ನನ್ನ ಮಾತೇ ಕಡೆಯ ಮಾತಾಗಿತ್ತು.

ಕೊನೆಯ ವರ್ಷಗಳು ಬ್ಯಾಡಗಿಯ ಹೈಸ್ಕೂಲಿನಲ್ಲಿ. ಹೆಡ್‌ಮೇಡಂ ಹಿರೇಮಠ ಅಂತ, ಮಾತು ಕಡಿಮೆ, ನೆನಪು ಜಾಸ್ತಿ. ವಿಜ್ಞಾನಕ್ಕೆ ನದಾಫ್ ಸರ್. ನಿವೃತ್ತಿಗೆ ಎಂಟು ತಿಂಗಳು ಉಳಿದಿರುವಾಗ ಒಂದು ದಿನ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ನನ್ನ ಕಪಾಟಿನ ಮುಂದೆ ಬಂದು ನಿಂತರು. ಒಬ್ಬಳು ರೇಷ್ಮಾ, ಊರಿನಲ್ಲೇ ಅವಳಪ್ಪನದು ಮೈಕ್‌ಸೆಟ್ಟಿನ ಅಂಗಡಿ. ಇನ್ನೊಬ್ಬಳು ಚೈತ್ರಾ, ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು.

"ಚಾಚಾ, ನದಾಫ್ ಸರ್ ಹೇಳ್ಯಾರ, ಸಾಲಿಯೊಳಗಿನ ಹಳೇ ಸೆಲ್ಲು ಎಷ್ಟದಾವ ಎಣಸಬೇಕಂತ," ಅಂದಳು ರೇಷ್ಮಾ.

ಎಣಿಸಲಿ ಎಂದು ಕಪಾಟು ತೆಗೆದುಕೊಟ್ಟೆ. ಒಂದು ತಾಸಿನ ನಂತರ ಹೊರಗೆ ಬಂದು ನೋಡಿದರೆ ವರಾಂಡದಲ್ಲಿ ಸೆಲ್ಲುಗಳ ಮೆರವಣಿಗೆ. ಆಫೀಸಿನ ಬಾಗಿಲಿನಿಂದ ಹೊರಟು ಸ್ಟಾಫ್‌ರೂಮು ದಾಟಿ ನೀರಿನ ಟ್ಯಾಂಕಿನವರೆಗೆ ಸಾಲು ಹೋಗಿತ್ತು. ಕೆಲವು ಬಿಳಿ ಪುಡಿ ಕಕ್ಕಿದ್ದವು, ಕೆಲವಕ್ಕೆ ತುಕ್ಕು ಹಿಡಿದಿತ್ತು. ನಾನು "ಯಾವಾಗಾದ್ರೂ ಬೇಕಾದೀತು" ಎಂದು ಇಟ್ಟುಕೊಂಡವು ಅವು. ಅಷ್ಟರಲ್ಲಿ ಮೇಡಂ ಬಂದು ಸಾಲಿನ ಉದ್ದಕ್ಕೂ ನಡೆದು, ತಿರುಗಿ ನಡೆದು ಬಂದರು.

"ಗುಡ್ಡಪ್ಪ, ಇವು ಬ್ಯಾಡಾದ ಮ್ಯಾಲೆ ಎಲ್ಲಿ ಹಾಕ್ತಿದ್ರಿ?"

"ಹಿತ್ತಲದಾಗ ಕಸ ಸುಡ್ತೀವಲ್ರಿ, ಅಲ್ಲೆ."

ಅಲ್ಲೇ ನಿಂತಿದ್ದ ನದಾಫ್ ಸರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಸೆಲ್ಲನ್ನು ಸುಡಬಾರದು, ಸಿಡಿಯುತ್ತದೆ, ಹೊಗೆಯೂ ವಿಷ, ಮಣ್ಣೂ ಕೆಡುತ್ತದೆ ಎಂದು ಮಕ್ಕಳ ಮುಂದೆ ನನಗೆ ಪಾಠವಾಯಿತು. ಸಿಡಿದದ್ದು ನನಗೆ ಗೊತ್ತಿತ್ತು. ನಾನು ಅದನ್ನು ಯಾರೋ ಹಾಕಿದ ಪಟಾಕಿ ಅಂದುಕೊಂಡಿದ್ದೆ.

ಮಕ್ಕಳೇ ಒಂದು ಯೋಜನೆ ಮಾಡಿದರು. ಪ್ರಾರ್ಥನೆಯ ಮೈಕು, ಆಫೀಸಿನ ಗಡಿಯಾರ, ಆಟದ ಮಾಸ್ತರರ ಕೈಮೈಕು, ಟಿವಿಯ ರಿಮೋಟು, ಲ್ಯಾಬಿನ ಪ್ರಯೋಗ, ಎಲ್ಲದಕ್ಕೂ ಇನ್ನು ಮುಂದೆ ಚಾರ್ಜ್ ಮಾಡಿ ಮತ್ತೆ ಮತ್ತೆ ಬಳಸುವ ಸೆಲ್ಲು. ಶಾಲೆಯ ಸಮಿತಿಯವರು ಒಪ್ಪಿ ಸೆಲ್ಲು ಕೊಡಿಸಿದರು, ರೇಷ್ಮಾಳ ಅಪ್ಪ ಚಾರ್ಜರು ಕೊಟ್ಟರು. ಆ ಸಭೆಯಲ್ಲಿ ನಾನೂ ಒಂದು ಬುದ್ಧಿವಂತ ಪ್ರಶ್ನೆ ಕೇಳಿದ್ದೆ: "ರೀಚಾರ್ಜ್ ಅಂದ್ರ ಇದೂ ಇಪ್ಪತ್ತೆಂಟು ದಿನಕ್ಕ ಮುಗೀತೈತೇನ್ರಿ ಸರ್?" ಮಕ್ಕಳು ನಕ್ಕದ್ದಕ್ಕಿಂತ ಮೇಡಂ ನಗದೆ ಇದ್ದದ್ದಕ್ಕೆ ಹೆಚ್ಚು ನಾಚಿಕೆಯಾಯಿತು.

ಹುಡುಗಿಯರು ಉಗುರಿಗೆ ಹಚ್ಚುವ ಬಣ್ಣದಿಂದ ಪ್ರತಿ ಸೆಲ್ಲಿಗೂ ನಂಬರು ಬರೆದರು. ತುಂಬಿದ ಸೆಲ್ಲಿಗೆ ಹಸಿರು ಡಬ್ಬಿ, ಖಾಲಿಯಾದದ್ದಕ್ಕೆ ಕೆಂಪು ಡಬ್ಬಿ. ಯಾವ ನಂಬರು ಎಲ್ಲಿಗೆ ಹೋಯಿತು, ಯಾವಾಗ ಬಂತು ಎಂದು ಒಂದು ನೋಟುಬುಕ್ಕು. ಎಲ್ಲ ಮುಗಿದ ಮೇಲೆ ರೇಷ್ಮಾ ನನಗೆ ತರಬೇತಿ ಕೊಡಲು ಬಂದಳು.

"ಚಾಚಾ, ಕೆಂಪು ಡಬ್ಬಿಯೊಳಗಿನವು ಯಾವದಕ್ಕೂ ಹಾಕಬ್ಯಾಡ್ರಿ. ಇಷ್ಟ ನೆನಪಿಡ್ರಿ ಸಾಕು."

"ನೀ ಹುಟ್ಟೂದಕ್ಕಿಂತ ಮೊದಲಿಂದ ನಾ ಸೆಲ್ಲು ಹಾಕಾಕತ್ತೇನಿ ತಂಗಿ."

"ಗೊತ್ತೈತ್ರಿ ಚಾಚಾ. ಇವು ನಾ ಹುಟ್ಟಿದ ಮ್ಯಾಲೆ ಬಂದಾವ."

ಅವಳು ಮರ್ಯಾದೆಯಿಂದಲೇ ಹೇಳಿದಳು. ಅದಕ್ಕೇ ಇನ್ನೂ ಹೆಚ್ಚು ಉರಿಯಿತು.

ಆದರೂ ಒಪ್ಪಬೇಕು, ಕೆಲಸ ಚೆನ್ನಾಗಿ ನಡೆಯಿತು. ಮೊದಲು ನಾಡಗೀತೆ ಮುಗಿಯುವುದರೊಳಗೆ ಸಾಯುತ್ತಿದ್ದ ಮೈಕು ಈಗ ವಾರವಿಡೀ ಗಟ್ಟಿ ಕೂಗತೊಡಗಿತು. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರುಕಟ್ಟೆಯ ಘಾಟು ಶಾಲೆಗೂ ಬರುತ್ತದೆ. ಪ್ರತಿಜ್ಞೆ ಹೇಳಿಸುತ್ತಿದ್ದ ನದಾಫ್ ಸರ್ ಒಂದು ದಿನ ಮೈಕಿನಲ್ಲಿ ಏಳು ಸಲ ಸೀನಿದರು. ಏಳೂ ಸೀನು ಬಸ್‌ಸ್ಟ್ಯಾಂಡಿನವರೆಗೆ ಸ್ಪಷ್ಟವಾಗಿ ಹೋದವಂತೆ.

ಇಷ್ಟರಲ್ಲಿ ಆ ಶುಕ್ರವಾರ ಬಂತು.

ಮಧ್ಯಾಹ್ನ ಊಟದ ಹೊತ್ತಿಗೆ ಆಫೀಸಿನ ಗಡಿಯಾರ ನಿಂತಿತು. ಹಸಿರು ಡಬ್ಬಿ ನೋಡಿದರೆ ಖಾಲಿ, ಲ್ಯಾಬಿನ ಪ್ರಯೋಗಕ್ಕೆ ಎಲ್ಲವನ್ನೂ ಒಯ್ದಿದ್ದರು. ನಡೆದುಹೋಗಿ ಒಂದು ಸೆಲ್ಲು ಕೇಳಬಹುದಿತ್ತು. ಆದರೆ ಆ ಇಡೀ ತರಗತಿಯ ಮುಂದೆ ಸೆಲ್ಲಿಗಾಗಿ ನಾನು ಕೈಚಾಚುವುದೇ? ಕೆಂಪು ಡಬ್ಬಿಯಲ್ಲಿ ಅವತ್ತು ಬೆಳಿಗ್ಗೆ ಮೈಕಿನಿಂದ ತೆಗೆದ ಸೆಲ್ಲು ಕಂಡಿತು. ಮೈಕಿಗೆ ಸಾಲದ್ದು ಗಡಿಯಾರಕ್ಕೆ ಸಾಕು, ನನ್ನ ಹಳೆಯ ವಿದ್ಯೆ. ಕಿವಿಯ ಹತ್ತಿರ ಕುಲುಕಿಯೂ ನೋಡಿದೆ, ನೋಡುವವರು ಯಾರೂ ಇಲ್ಲದಿದ್ದರೂ. ಹಾಕಿದೆ, ಮೇಡಂ ಕೈಗಡಿಯಾರ ನೋಡಿ ಮುಳ್ಳು ಕೂಡಿಸಿದೆ, ಗಡಿಯಾರ ನಡೆಯಿತು. ನನಗೆ ಒಳಗೊಳಗೇ ಬಹಳ ಖುಷಿಯಾಯಿತು. ಮೇಡಂ ಮೀಟಿಂಗಿಗೆಂದು ಹಾವೇರಿಗೆ ಹೊರಟರು.

ನಮ್ಮ ಶಾಲೆ ಬಿಡುವುದು ನಾಲ್ಕೂವರೆಗೆ. ಹಳ್ಳಿ ಮಕ್ಕಳ ಬಸ್ಸು ನಾಲ್ಕೂಮುಕ್ಕಾಲಿಗೆ, ಅದು ಬಿಟ್ಟರೆ ಆರೂವರೆಗೆ. ತರಗತಿಗಳಲ್ಲಿ ಗಡಿಯಾರ ಇರಲಿಲ್ಲ, ನನ್ನ ಫೋನು ಚೀಲದಲ್ಲಿತ್ತು. ಫೋನು ನೋಡಿ ಗಂಟೆ ಬಾರಿಸುವುದು ನನ್ನ ಮಟ್ಟಿಗೆ ಅವಮಾನ. ಗೋಡೆಯ ಗಡಿಯಾರ ಸರಿಯಾಗಿ ನಾಲ್ಕೂವರೆ ತೋರಿಸಿದಾಗ ಬಾರಿಸಿದೆ. ಕೊನೆಯ ಪಿರಿಯಡ್ಡಿನಲ್ಲಿದ್ದ ಗಣಿತದ ಸರ್ ಕೈಗಡಿಯಾರ ನೋಡಿಕೊಂಡಿದ್ದರಂತೆ. ಗಂಟೆ ತಡವಾಗಿದೆ ಎಂದು ತಿಳಿದು, ಸಿಕ್ಕ ವೇಳೆ ಯಾಕೆ ಬಿಡಬೇಕೆಂದು ಇನ್ನೆರಡು ಲೆಕ್ಕ ಮಾಡಿಸಿದ್ದರು.

ಹತ್ತು ನಿಮಿಷಕ್ಕೆ ಹಳ್ಳಿಯ ಇಪ್ಪತ್ತೆರಡು ಮಕ್ಕಳು ತಿರುಗಿ ಗೇಟಿನೊಳಗೆ ಬಂದರು. ಮುಂದೆ ಚೈತ್ರಾ ಇದ್ದಳು. "ಕಾಕಾ, ಬಸ್ಸು ಹೋಗಿಬಿಟ್ಟೈತ್ರಿ," ಅಂದಳು. ಚೀಲದಿಂದ ಫೋನು ತೆಗೆದು ನೋಡಿದೆ. ಗಡಿಯಾರ ಇಪ್ಪತ್ತು ನಿಮಿಷಕ್ಕೂ ಮೇಲೆ ಹಿಂದೆ ಬಿದ್ದಿತ್ತು. ಸೆಕೆಂಡಿನ ಮುಳ್ಳು ಮುಂದೆ ಹೋಗಲಾರದೆ ನಿಂತಲ್ಲೇ ನಡುಗುತ್ತಿತ್ತು.

ನನ್ನ ಫೋನಿನಿಂದ ಏಳೆಂಟು ಮನೆಗಳಿಗೆ ಸುದ್ದಿ ಹೋಯಿತು. ಉಳಿದವರಿಗೆ ಮನೆಯ ನಂಬರು ಬಾಯಿಪಾಠ ಇರಲಿಲ್ಲ. ಚೈತ್ರಾಳ ಮನೆಯ ಫೋನು ಹತ್ತಲೇ ಇಲ್ಲ. ನದಾಫ್ ಸರ್ ಆರೂವರೆಯ ಬಸ್ಸು ಬರುವವರೆಗೂ ಮಕ್ಕಳ ಜೊತೆ ನಿಂತಿದ್ದರು.

ಮರುದಿನ ಬೆಳಿಗ್ಗೆ ಹಳ್ಳಿಯಿಂದ ಏಳೆಂಟು ಜನ ಬಂದರು. ಎಲ್ಲರಿಗಿಂತ ದೊಡ್ಡ ದನಿ ಚೈತ್ರಾಳ ಆಯಿಯದು, ಅಪ್ಪನ ತಾಯಿ. "ಹೆಣ್ಣುಮಕ್ಕಳು ಮನಿ ಮುಟ್ಟೂದ್ರಾಗ ಕತ್ತಲಾತು. ನಿಮ್ಮ ಸಾಲ್ಯಾಗ ವ್ಯಾಳ್ಯಾ ನೋಡೋರು ಯಾರೂ ಇಲ್ಲೇನು?" ಎಂದು ಆಕೆ ಕೇಳಿದಾಗ ನಾನು ಬಾಗಿಲ ಹಿಂದೆ ಇದ್ದೆ. ಯಾರೋ ಮಾಸ್ತರರು, "ಹುಡುಗರ ಹೊಸ ಸೆಲ್ಲು ಕೈ ಕೊಟ್ಟೈತ್ರಿ," ಅಂದರು. ಮೇಡಂ ಎಲ್ಲರ ಕ್ಷಮೆ ಕೇಳಿ ಕಳಿಸಿ, ಹಸಿರು ಡಬ್ಬಿ, ಕೆಂಪು ಡಬ್ಬಿ, ಚಾರ್ಜರು ಮೂರನ್ನೂ ತರಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಇದು ಇಲ್ಲಿಗೇ ಸಾಕು ಅಂದರು. ಹುಡುಗಿಯರು ತಲೆ ತಗ್ಗಿಸಿ ನಿಂತಿದ್ದರು. ಆಗ ನಾನು ಬಾಯಿ ಬಿಡಬೇಕಿತ್ತು. ಚಹಾದ ಕಪ್ಪು ತೊಳೆಯಲು ಹೋದೆ. ತೊಳೆದಿದ್ದ ಕಪ್ಪುಗಳನ್ನೇ ಮತ್ತೆ ತೊಳೆದೆ.

ಮಧ್ಯಾಹ್ನ ಇಬ್ಬರೂ ನನ್ನ ಹತ್ತಿರ ಬಂದರು. ರೇಷ್ಮಾಳ ಕೈಯಲ್ಲಿ ನೋಟುಬುಕ್ಕು ಇತ್ತು.

"ಚಾಚಾ, ಗಡಿಯಾರದಾಗ ಹದಿನಾಲ್ಕನೇ ನಂಬರ ಐತ್ರಿ. ಅದನ್ನ ನಿನ್ನೆ ಮುಂಜಾನೆ ನಾವ ಮೈಕಿನಿಂದ ತಗದು ಕೆಂಪು ಡಬ್ಬಿಗೆ ಹಾಕಿದ್ವಿ. ಇಲ್ಲಿ ಬರದೈತಿ ನೋಡ್ರಿ."

ಅದನ್ನು ತೆಗೆದು ಮುಚ್ಚಿಡುವಷ್ಟು ಬುದ್ಧಿಯೂ ನನಗೆ ಹೊಳೆದಿರಲಿಲ್ಲ. "ನನಗೇನು ಗೊತ್ತು? ಬರೆಯೂದ್ರಾಗ ನೀವ ತಪ್ಪಿರಬೇಕು," ಅಂದೆ.

ರೇಷ್ಮಾ ನನ್ನ ಮುಖವನ್ನೇ ನೋಡಿದಳು. "ಇರಬಹುದ್ರಿ," ಅಂದು ನೋಟುಬುಕ್ಕು ಮುಚ್ಚಿದಳು.

ಭಾನುವಾರ ನನಗೆ ಊಟ ಸೇರಲಿಲ್ಲ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿದ್ದ ಚೈತ್ರಾ, ನಾನು ವರಾಂಡ ಗುಡಿಸುತ್ತಿದ್ದಲ್ಲಿಗೆ ಬಂದು ಮೆಲ್ಲಗೆ ಹೇಳಿದಳು: "ಕಾಕಾ, ನೀವು ಊಟ ಬಿಡಬ್ಯಾಡ್ರಿ, ಮಾರಿ ಸಣ್ಣ ಆಗೇತಿ. ನಾವಿಬ್ರೂ ಮಾತಾಡ್ಕೊಂಡೇವಿ. ನೀವು ರಿಟೈರ್ ಆಗೂ ಮಟಾ ಯಾರ ಮುಂದೂ ಹೇಳಂಗಿಲ್ಲ."

ಅವಳು ಸಮಾಧಾನ ಹೇಳಲು ಬಂದಿದ್ದಳು. ನನ್ನ ಕೈಯಲ್ಲಿದ್ದ ಕಸಬರಿಗೆ ಅಲ್ಲೇ ನಿಂತಿತು. ಹದಿನಾಲ್ಕು ವರ್ಷದ ಎರಡು ಮಕ್ಕಳು, ಮನೆಯಲ್ಲಿ ಬೈಸಿಕೊಂಡು, ಶಾಲೆಯಲ್ಲಿ ಬೈಸಿಕೊಂಡು, ನನ್ನ ಮರ್ಯಾದೆ ಕಾಯಲು ಒಪ್ಪಂದ ಮಾಡಿಕೊಂಡಿದ್ದರು. ಮೇಡಂ ಬರುವುದನ್ನೇ ಕಾದಿದ್ದು ಅವರ ಹಿಂದೆಯೇ ಆಫೀಸಿಗೆ ಹೋದೆ.

"ಮೇಡಂ, ಆ ಸೆಲ್ಲು ಹಾಕಿದಾಂವ ನಾನ್ರಿ. ಕೆಂಪು ಡಬ್ಬಿಯಿಂದ ತಗದು ಹಾಕಿದೆ. ಹುಡುಗ್ಯಾರು ಬ್ಯಾಡ ಅಂತ ಮೊದಲ ಹೇಳಿದ್ರು. ಶನಿವಾರ ಅವರು ಬಂದು ಕೇಳಿದಾಗನೂ ಸುಳ್ಳು ಹೇಳಿದೆ."

ಮೇಡಂ ಕೈಚೀಲ ಕೆಳಗಿಡುವುದನ್ನೂ ಮರೆತು ನಿಂತರು. "ಯಾಕ ಹಾಕಿದ್ರಿ?"

"ನನಗ ಗೊತ್ತೈತಿ ಅಂದ್ಕೊಂಡಿದ್ದೆ ರಿ."

ಅವರು ಕುರ್ಚಿಯಲ್ಲಿ ಕೂತು ಪೆನ್ನು ಕೈಗೆ ತೆಗೆದುಕೊಂಡರು. ಮೆಮೊ ಬರೆಯುತ್ತಾರೆ ಅಂದುಕೊಂಡೆ. "ನನಗ ಹೇಳಿದ್ರ ಸಾಲಂಗಿಲ್ಲ ಗುಡ್ಡಪ್ಪ," ಅಂದರು. "ನಾನೂ ಕೇಳದ ಬೀಗ ಹಾಕಿದೆ, ಅದನ್ನ ನಾ ಹುಡುಗ್ಯಾರ ಮುಂದ ಹೇಳ್ತೀನಿ. ನೀವು ಪ್ರಾರ್ಥನಾದಾಗ ಮಕ್ಕಳ ಮುಂದ ಹೇಳ್ರಿ. ಸಂಜೀಕ ಆ ಬಸ್ಸಿಗೆ ಹೋಗಿ ಹಳ್ಯಾಗೂ ಹೇಳಿ ಬರ್ರಿ."

ಪ್ರಾರ್ಥನೆಯಲ್ಲಿ ಹೇಳಿದೆ. ಮೂವತ್ತನಾಲ್ಕು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನಿಗೆ ಸಾಲಿನ ಎದುರು ನಿಲ್ಲುವುದು ಏನೆಂದು ಅವತ್ತು ತಿಳಿಯಿತು. ಮಕ್ಕಳು ನಗಲಿಲ್ಲ. ಆಮೇಲೆ ನದಾಫ್ ಸರ್ ನನ್ನನ್ನು ಲ್ಯಾಬಿಗೆ ಕರೆದು, ಸೆಲ್ಲಿನ ಶಕ್ತಿ ಹೇಗೆ ಇಳಿಯುತ್ತದೆ ಎಂದು ತೋರಿಸಲು ಬೋರ್ಡಿನ ಮೇಲೆ ಎರಡು ಗೆರೆ ಎಳೆದರು. ಹಳೆಯ ಸೆಲ್ಲಿನ ಗೆರೆ ಮೆಟ್ಟಿಲಿಳಿಯುವ ಮುದುಕನ ಹಾಗೆ ನಿಧಾನ ಇಳಿಯುತ್ತಿತ್ತು. ಚಾರ್ಜಿನ ಸೆಲ್ಲಿನದು ಕೊನೆಯವರೆಗೆ ನೆಟ್ಟಗೆ ನಡೆದು ಒಮ್ಮೆಗೇ ಬಾವಿಗೆ ಬಿದ್ದಂತೆ ಬೀಳುತ್ತಿತ್ತು. "ನಿಮ್ಮ ವಿದ್ಯಾ ತಪ್ಪಲ್ಲ ಗುಡ್ಡಪ್ಪ, ಆ ಸೆಲ್ಲಿಗೆ ಅದು ಖರೇ ಇತ್ತು," ಅಂದರು. ಹುಡುಗಿಯರೂ ನೋಟುಬುಕ್ಕು ತಿರುವಿ ಒಂದು ತೀರ್ಮಾನಕ್ಕೆ ಬಂದರು. ಗಡಿಯಾರ ತಿನ್ನುವುದು ತೀರಾ ಕಡಿಮೆ, ಒಂದು ಸಾದಾ ಸೆಲ್ಲು ವರ್ಷ ಬಾಳುತ್ತದೆ. ಗಡಿಯಾರಕ್ಕೆ ಅದೇ ಇರಲಿ, ಉಳಿದದ್ದಕ್ಕೆಲ್ಲ ಚಾರ್ಜಿನ ಸೆಲ್ಲು. ಮೇಡಂ ಬೀಗ ತೆಗೆದರು.

ಸಂಜೆ ನಾಲ್ಕೂಮುಕ್ಕಾಲಿನ ಬಸ್ಸಿನಲ್ಲಿ ಮಕ್ಕಳ ನಡುವೆ ನಿಂತು ಹಳ್ಳಿಗೆ ಹೋದೆ. ಒಂದೊಂದೇ ಮನೆಯ ಮುಂದೆ ನಿಂತು ತಪ್ಪು ನನ್ನದು ಅಂದೆ. ಹೆಚ್ಚಿನವರು, "ಇರ್ಲಿ ಬಿಡ್ರಿ, ಚಹಾ ಕುಡೀರಿ," ಅಂದರು. ಐದು ಚಹಾ ಆದ ಮೇಲೆ ಚೈತ್ರಾಳ ಮನೆಗೆ ಬಂದೆ. ಆಯಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಗಂಟಿ ಹೊಡಿಯಾಂವ ನೀನ ಏನು?"

"ಹೌದ್ರಿ."

"ಕುಂದ್ರು."

ಕೂತೆ. ಆಕೆ ಕಾಯಿ ಸುಲಿಯುತ್ತಲೇ ಹೇಳಿದಳು. "ಬಸ್ಸು ಬಂತು. ಕಂಡಕ್ಟರ್ ಇಳದ, ಗೊಬ್ಬರದ ಚೀಲದ್ದೊಬ್ಬಾಂವ ಇಳದ. ಹುಡುಗ್ರು ಒಬ್ರೂ ಇಳಿಲಿಲ್ಲ. ಕಂಡಕ್ಟರನ್ನ ಕೇಳಿದ್ರ ನನಗೇನು ಗೊತ್ತಬೇ ಅಂದ. ನಾ ಅಲ್ಲೆ ನಿಂತೆ. ಹೋಗಿ ಬರೋ ಗಾಡಿ ಎಲ್ಲಾ ಕೈ ಮಾಡಿ ಕೇಳಿದೆ. ಕತ್ತಲಾತು. ಕುಂತ್ರ ಬಸ್ಸು ಕಾಣಂಗಿಲ್ಲ ಅಂತ ನಿಂತ ಇದ್ದೆ."

ನಾನು ಗಂಟೆ ಬಾರಿಸುವುದು ಶಾಲೆಯ ಕಂಪೌಂಡಿನೊಳಗೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಅದನ್ನು ನಂಬಿ ಹದಿನೈದು ಕಿಲೋಮೀಟರ್ ಆಚೆ ಒಬ್ಬ ಮುದುಕಿ ರಸ್ತೆಯ ಪಕ್ಕ ನಿಲ್ಲುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಮೊರದಲ್ಲಿದ್ದ ಅವರೆಕಾಯಿ ತೆಗೆದುಕೊಂಡು ನಾನೂ ಸುಲಿಯತೊಡಗಿದೆ. ಆಕೆ ತಡೆಯಲಿಲ್ಲ. ಇಬ್ಬರೂ ಸೇರಿ ಮುಗಿಸಿದೆವು.

ಹೊರಡುವಾಗ ಕೇಳಿದಳು: "ನಾಳೆ ಎಷ್ಟಕ್ಕ ಬಾರಸ್ತಿ?"

"ನಾಕೂವರಿಗೆ ರಿ."

"ನಾ ಬಸ್‌ಸ್ಟಾಪಿನಾಗ ಇರ್ತೀನಿ. ನೋಡ್ತೀನಿ."

ಮರುದಿನ ಗಡಿಯಾರ ನೋಡಿದೆ, ಫೋನು ನೋಡಿದೆ, ನದಾಫ್ ಸರ್ ಅವರ ಕೈಹಿಡಿದು ಅವರ ಗಡಿಯಾರವನ್ನೂ ನೋಡಿದೆ. ಮೂರೂ ಒಪ್ಪಿದ ಮೇಲೆ ಬಾರಿಸಿದೆ. ಮಾರನೇ ಬೆಳಿಗ್ಗೆ ಚೈತ್ರಾ ಗೇಟಿನಲ್ಲಿ ಸಿಕ್ಕಳು.

"ಆಯಿ ಬಂದಿದ್ಳೇನವಾ?"

"ಬಂದಿದ್ಳ್ರಿ. ಬಸ್ಸು ದಾರ್‍ಯಾಗ ಪಂಕ್ಚರ್ ಆಗಿ ಕಾಲು ತಾಸು ತಡಾ ಆತು." ಅವಳು ನಗು ತಡೆಯಲು ದುಪ್ಪಟ್ಟಾದ ತುದಿ ಬಾಯಿಗೆ ಹಿಡಿದಳು. "ಅದಕ್ಕೂ ನಿಮ್ಮನ್ನ ಬೈದ್ಳ್ರಿ ಕಾಕಾ."